ಪ್ರತಿಜ್ಞಾ ಸಾಕು ಸಾಹೇಬ್ರ, ಕೆಡಿಪಿ ಮೀಟಿಂಗಿನ್ಯಾಗ ಒಂದ ಸಲ ಎಚ್‌ಐವಿ ಬಗ್ಗೆ ಕೇಳ್ರಿ: 224 ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ, ಜಿಲ್ಲಾ ಉಸ್ತುವಾರಿ ಮಂತ್ರಿಗಳಿಗೆ, ಚಳಿಗಾಲದ ಅಧಿವೇಶನಕ್ಕ ಅಂತ ಬೆಳಗಾವಿ ಸುವರ್ಣಸೌಧಕ್ಕ ಬರೋ ಎಲ್ಲಾ ದೊಡ್ಡವರಿಗೂ ನಮಸ್ಕಾರ ರೀ.

ನಾನು ಬಾಗಲಕೋಟ ಜಿಲ್ಲಾದಾವ. ತಾಲೂಕ ಊರಾಗ ಬಸ್‌ಸ್ಟ್ಯಾಂಡ್ ಹತ್ರ ಒಂದು ಜೆರಾಕ್ಸ್ ಅಂಗಡಿ ಐತಿ, ಆನ್‌ಲೈನ್ ಅರ್ಜಿನೂ ಹಾಕಿಕೊಡ್ತೀನಿ. ಅದಕ್ಕೂ ಮುಂಚೆ ಆರು ವರ್ಷ ಲಿಂಕ್ ವರ್ಕರ್ ಆಗಿ ಹಳ್ಳಿ ಹಳ್ಳಿ ತಿರುಗೀನಿ, ಅಂದ್ರ ಎಚ್‌ಐವಿ ಬಗ್ಗೆ ತಿಳಿಸಿ ಹೇಳೋದು, ಟೆಸ್ಟಿಗೆ ಕರ್ಕೊಂಡು ಹೋಗೋದು, ಗುಳಿಗಿ ಬಿಟ್ಟಾವ್ರ ಮನಿ ಹುಡುಕೋದು. ಆ ಕೆಲಸ ಹೋತು, ಅಂಗಡಿ ಇಟ್ಟೆ. ಆದ್ರ ಹಳೇ ಕೆಲಸ ನನ್ನನ್ನ ಬಿಟ್ಟಿಲ್ಲ, ಪ್ರತಿ ವರ್ಷ ನವೆಂಬರ್ 30ರ ಸಂಜೀಕ ಯಾರರ ಒಬ್ರು ಒಂದು ಹಾಳಿ ಹಿಡಕೊಂಡು ನನ್ನ ಅಂಗಡಿಗೇ ಬರ್ತಾರ, "ಅಣ್ಣಾ ಇದು 200 ಕಾಪಿ ಲಗೂನ ಬೇಕು, ಮುಂಜಾನೆ ಜಾಥಾ ಐತಿ" ಅಂತ. ಅದು ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಪ್ರತಿಜ್ಞಾ ಪತ್ರ. ನೀವೂ ಓದಿರಬೇಕು ಅದನ್ನ, ಎದಿ ಮ್ಯಾಲ ಕೆಂಪು ರಿಬ್ಬನ್ ಚುಚ್ಚಿಸಿಕೊಂಡು, ಬಲಗೈ ಮುಂದ ಚಾಚಿ.

ಅದರ ಒರಿಜಿನಲ್ ಎಲ್ಲೈತೋ ಯಾರಿಗೂ ಗೊತ್ತಿಲ್ಲ ರೀ. ಕಾಪಿದು ಕಾಪಿ, ಅದರದೂ ಕಾಪಿ. ವರ್ಷ ವರ್ಷ ಅಕ್ಷರ ದಪ್ಪ ಆಕ್ಕೊಂತ ಹೋಗಿ ಈಗ ಕೆಳಗಿನ ಎರಡು ಸಾಲು ಓದಾಕ ಬರಂಗಿಲ್ಲ. ಹೋದ ಸಲ ನಾನ ಹೇಳ್ದೆ, ಹೊಸದಾಗಿ ಟೈಪ್ ಮಾಡಿಕೊಡ್ತೀನಿ ಅಂತ. "ಬ್ಯಾಡ ಬಿಡಣ್ಣ, ಯಾರ್ ಓದ್ತಾರ" ಅಂದ ಆ ಹುಡುಗ.

ಈ ಪತ್ರ ಅದಕ್ಕ ಬರೀಲಿಕ್ಕತ್ತೀನಿ, ಕೆಡಿಪಿ ಅಂದ್ರ ನೀವು ಅಭಿವೃದ್ಧಿ ಕೆಲಸದ ಲೆಕ್ಕ ಕೇಳೋ ಸಭಾದಾಗ ಎಚ್‌ಐವಿ ಬಗ್ಗೆನೂ ಕೇಳ್ರಿ ಅಂತ.

ಮಾತು ಕೊಡೋದ್ರಾಗ ನಮ್ಮ ರಾಜಕಾರಣಿಗಳು ಹಿಂದ ಬಿದ್ದಿಲ್ಲ, ಅದನ್ನ ಮೊದಲ ಒಪ್ಕೋಬೇಕು. ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್ ಅವ್ರು ಇದ್ರಲ್ಲ, ಅವ್ರು ಪಾರ್ಲಿಮೆಂಟಿನ್ಯಾಗ ಎಚ್‌ಐವಿ-ಏಡ್ಸ್ ಮ್ಯಾಲ ಎಲ್ಲಾ ಪಕ್ಷದ ಸಂಸದರನ್ನ ಸೇರಿಸಿ ಒಂದು ಫೋರಂ ನಡೆಸ್ತಿದ್ರು. 2003ರ ಜುಲೈದಾಗ ಆ ಫೋರಂ ದಿಲ್ಲಿಯೊಳಗ ದೊಡ್ಡ ಸಮಾವೇಶ ಮಾಡ್ತು, ಪ್ರಧಾನಿ ವಾಜಪೇಯಿ ಅವ್ರು ಬಂದ್ರು, ವಿರೋಧ ಪಕ್ಷದವ್ರೂ ಬಂದ್ರು, ಎಂಪಿ ಎಂಎಲ್‌ಎ ಅಷ್ಟ ಅಲ್ಲ, ಪಂಚಾಯ್ತಿ ಮಟ್ಟದಿಂದನೂ ಆರಿಸಿ ಬಂದವ್ರು ಕುಂತಿದ್ರು. ಆ ಕಾಲದಾಗ "ಎಚ್‌ಐವಿ" ಅನ್ನೋ ಶಬ್ದ ಬಾಯಾಗ ತರಾಕ ಮಂದಿ ನಾಚ್ತಿದ್ರು, ನಮ್ಮ ಕಡೆ ದೊಡ್ಡ ಬ್ಯಾನಿ ಅಂತಷ್ಟ ಪಿಸುಗುಡ್ತಿದ್ರು, ಅಂಥಾದ್ರಾಗ ದೇಶದ ಪ್ರಧಾನಿ ಎದ್ದು ನಿಂತು ಮಾತಾಡಿದ್ದು ಸಣ್ಣ ಮಾತಲ್ಲ. ಓಟು ತರೋ ವಿಷಯ ಅಲ್ಲ ಇದು. ಆದ್ರೂ ಮಾಡಿದ್ರು. ಆಸ್ಕರ್ ಅವ್ರು 2021ರಾಗ ತೀರಿಕೊಂಡ್ರು, ಪೇಪರಿನ್ಯಾಗ ಅವರ ಮೌತ್ ಆರ್ಗನ್ ಬಗ್ಗೆ ಬಂತು, ಸೋನಿಯಾ ಗಾಂಧಿ ಮನೆತನದ ನಿಷ್ಠೆ ಬಗ್ಗೆ ಬಂತು, ಈ ಕೆಲಸದ ಬಗ್ಗೆ ನನ್ನ ಕಣ್ಣಿಗಂತೂ ಒಂದು ಸಾಲೂ ಬೀಳಲಿಲ್ಲ.

ಮತ್ತ ಕಾನೂನು. ಎಚ್‌ಐವಿ ಇದ್ದಾವ್ರಿಗೆ ಭೇದಭಾವ ಮಾಡಬಾರ್ದು ಅನ್ನೋ ಕಾನೂನಿನ ಕರಡು 2006ರಾಗನ ರೆಡಿ ಇತ್ತು. ರಾಜ್ಯಸಭಾದಾಗ ಬಿಲ್ ಮಂಡನೆ ಆಗಿದ್ದು 2014ಕ್ಕ. ಎರಡೂ ಸದನ ಪಾಸ್ ಮಾಡಿದ್ದು 2017ರ ಮಾರ್ಚ್-ಏಪ್ರಿಲ್‌ದಾಗ. ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕ. ಕರಡು ಕೈಯಾಗ ಇದ್ರೂ ಹನ್ನೆರಡು ವರ್ಷ ಹಿಡೀತು ನೋಡ್ರಿ. ಆ ಹನ್ನೆರಡು ವರ್ಷದಾಗ ನಾನು ಎಷ್ಟು ಮಂದಿ ಮಣ್ಣಿಗೆ ಹೋಗೀನಿ ಅಂತ ಲೆಕ್ಕ ಇಟ್ಟಿಲ್ಲ, ಇಡಬೇಕಾಗಿತ್ತು ಅಂತನೂ ಅನಸ್ತೈತಿ ಕೆಲವೊಮ್ಮೆ.

ಮಾತು ಕೊಟ್ಟು ಮರೆಯೋದು ನಮ್ಮೂರಿನ ಪೇಟೆಂಟ್ ಏನಲ್ಲ ಬಿಡ್ರಿ. 2001ರ ಏಪ್ರಿಲ್‌ದಾಗ ಆಫ್ರಿಕಾದ ದೇಶಗಳ ನಾಯಕರೆಲ್ಲಾ ನೈಜೀರಿಯಾದ ಅಬುಜಾದಾಗ ಕೂಡಿ, ನಮ್ಮ ಬಜೆಟ್ಟಿನ 15% ಆರೋಗ್ಯಕ್ಕ ಇಡ್ತೀವಿ ಅಂತ ಘೋಷಣಾ ಮಾಡಿದ್ರು. ಬಹಳಷ್ಟು ದೇಶ ಇವತ್ತಿಗೂ ಆ ಗೆರಿ ಮುಟ್ಟಿಲ್ಲ. ಆದ್ರ ಒಂದು ವ್ಯತ್ಯಾಸ ಐತಿ, ಅವ್ರು ಕೊಟ್ಟ ಮಾತಿನ್ಯಾಗ ಒಂದು ನಂಬರ್ ಇತ್ತು. ಅದಕ್ಕ ಇಪ್ಪತ್ತೈದು ವರ್ಷ ಆದ್ರೂ ಮಂದಿ ಆ ನಂಬರ್ ಹಿಡಕೊಂಡು ಸರ್ಕಾರಗಳ ಅಂಗಿ ಜಗ್ಗತಾರ, "15 ಅಂದಿದ್ರಿ, ಎಷ್ಟಾತು" ಅಂತ. ನಮ್ಮ ಡಿಸೆಂಬರ್ 1ರ ಪ್ರತಿಜ್ಞಾದಾಗ ಅಂಥ ಒಂದು ನಂಬರೂ ಇಲ್ಲ, ಯಾರ ಅಂಗಿ ಜಗ್ಗೋಣ ಹೇಳ್ರಿ.

ಈಗ ನಮ್ಮ ಜಿಲ್ಲಾದ ಕತಿ. ಬೆಂಗಳೂರು ಕಡೆ ಶಾಸಕರಿಗೆ ಇದು ಗೊತ್ತಿರಲಿಕ್ಕಿಲ್ಲ ಅಂತ ಸ್ವಲ್ಪ ವಿಸ್ತಾರ ಬರೀತೀನಿ. 2000ದ ಸುಮಾರಿಗೆ ಬಾಗಲಕೋಟ ಅಂದ್ರ ಎಚ್‌ಐವಿ ತಜ್ಞರಿಗೆ ದೇಶದಾಗ ಒಂದು ಗುರುತಿನ ಹೆಸರು. ಕೆನಡಾದ ನೆರವಿನ ಯೋಜನೆ ಒಂದು ಇಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಸಾಮಾನ್ಯ ಜನರ ರಕ್ತ ಪರೀಕ್ಷಾ ಮಾಡಿದಾಗ ವಯಸ್ಕರೊಳಗ ನೂರಕ್ಕ ಹತ್ತಿರ ಹತ್ತಿರ 3 ಮಂದಿಗೆ, ಲೆಕ್ಕದ ಪ್ರಕಾರ 2.9%, ಸೋಂಕು ಕಂಡು ಬಂತು. ಇವತ್ತು ಇಡೀ ದೇಶದ ಸರಾಸರಿ 0.2% ಅಂದ್ರ ಅದು ಎಷ್ಟು ಅಂತ ನೀವ ಗುಣಾಕಾರ ಮಾಡ್ಕೋರಿ. ಏಡ್ಸ್ ಅಂದ್ರ ಮುಂಬೈ, ಲಾರಿ, ಪ್ಯಾಟಿ ಮಂದಿ ಬ್ಯಾನಿ ಅಂತ ಎಲ್ಲಾರೂ ಅನ್ಕೊಂಡಿದ್ದ ಕಾಲದಾಗ ನಮ್ಮಲ್ಲಿ ಅದು ಹಳ್ಳಿಯೊಳಗ ಹೊಕ್ಕು ಕುಂತಿತ್ತು. ದೇವದಾಸಿ ಬಿಡೋ ಪದ್ಧತಿ ಐತಿ ಅಂತ ಹೊರಗಿನವ್ರು ಒಂದ ಕಾರಣ ಹೇಳಿ ಮುಗಸ್ತಾರ, ಅದು ಅರ್ಧ ಮಾತು. ಕಬ್ಬು ಕಡಿಯಾಕ ಸಾಂಗ್ಲಿ ಕಡೆ ಹೋಗೋದು, ಗೋವಾ ಮಂಗಳೂರಿಗೆ ಗೌಂಡಿ ಕೆಲಸಕ್ಕ ಹೋಗೋದು, ಆರು ತಿಂಗಳು ಹೆಂಡ್ತಿ ಒಂದ ಕಡೆ ಗಂಡ ಒಂದ ಕಡೆ, ಊರಾಗ ಒಂದು ದವಾಖಾನಿ ಇಲ್ಲ, ನಿರೋಧ್ ಕೇಳಾಕ ನಾಚಿಕಿ, ಕೇಳಿದ್ರೂ ಅಂಗಡ್ಯಾಗ ಇಲ್ಲ. ಇದೆಲ್ಲಾ ಕೂಡಿ ಆಗಿದ್ದು.

ಗುಳಿಗಿನೂ ಇರಲಿಲ್ಲ ಆಗ. ಇತ್ತು ಖರೆ, ಶ್ರೀಮಂತ್ರಿಗೆ ಇತ್ತು. 2001ರಾಗ ಮುಂಬೈದ ಸಿಪ್ಲಾ ಕಂಪ್ನಿ ಯೂಸುಫ್ ಹಮೀದ್ ಅವ್ರು ದಿನಕ್ಕ ಒಂದು ಡಾಲರಿಗಿಂತ ಕಡಿಮಿ ರೇಟಿಗೆ ಕೊಡ್ತೀನಿ ಅಂತ ಜಗತ್ತಿಗೆ ಹೇಳಿದ್ರು, ಆಫ್ರಿಕಾದಾಗ ಲಕ್ಷಗಟ್ಟಲೆ ಜೀವ ಉಳಿಯೋ ದಾರಿ ಅದರಿಂದ ತೆರೀತು. ಆದ್ರ ನಮ್ಮ ಸರ್ಕಾರ ನಮ್ಮ ಮಂದಿಗೆ ಪುಕ್ಕಟೆ ಕೊಡಾಕ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕ, ಅದೂ ಇಡೀ ದೇಶದಾಗ ಎಂಟು ದವಾಖಾನ್ಯಾಗ. ನಮ್ಮ ರಾಜ್ಯದ ಪಾಲಿಗೆ ಬೆಂಗಳೂರಿನ ಬೌರಿಂಗ್. ಬಾಗಲಕೋಟದಿಂದ ಬೌರಿಂಗಿಗೆ ರಾತ್ರಿ ಬಸ್ಸು, ಮುಂಜಾನೆ ಪಾಳಿ, ಮತ್ತ ರಾತ್ರಿ ಬಸ್ಸು. ಆಮ್ಯಾಲ ಆಮ್ಯಾಲ ಜಿಲ್ಲಾಕ್ಕ ಬಂತು, ಕೆಲವು ಕಡೆ ತಾಲೂಕಿಗೆ ಗುಳಿಗಿ ಕೊಡೋ ಲಿಂಕ್ ಸೆಂಟರ್ ಬಂತು. ನಾನು ಕೆಲಸಕ್ಕ ಸೇರಿದ ಟೈಮಿಗೆ ಸಿಡಿ4, ಅಂದ್ರ ರೋಗ ತಡೆಯೋ ರಕ್ತಕಣದ ಲೆಕ್ಕ ನೋಡಿ ಗುಳಿಗಿ ಕೊಡ್ತಿದ್ರು, ಅಂದ್ರ ದೇಹ ಇಷ್ಟು ಸೋಲಬೇಕು ಆಮ್ಯಾಲ ಔಷಧ. 2017ರಿಂದ ಆ ಕಾಯೋದು ಹೋತು, ಪಾಸಿಟಿವ್ ಅಂತ ಗೊತ್ತಾದ್ರ ಸಾಕು ಶುರು. ಈಗಂತೂ ಡೊಲುಟೆಗ್ರಾವಿರ್ ಕೂಡಿಸಿದ ಒಂದ ಗುಳಿಗಿ, ದಿನಕ್ಕ ಒಂದ ಸಲ. ತಪ್ಪದಂಗ ತಗೊಂಡು ರಕ್ತದಾಗ ವೈರಸ್ ಕಾಣದಷ್ಟು ಇಳಿದ್ರ ಅವರಿಂದ ಗಂಡ-ಹೆಂಡ್ತಿ ನಡುವ ಇನ್ನೊಬ್ರಿಗೆ ಹರಡಂಗಿಲ್ಲ. ಈ ಒಂದು ಮಾತು ನಮ್ಮ ಕಾಲದಾಗ ಗೊತ್ತಿದ್ದಿದ್ರ ಎಷ್ಟೋ ಮನಿ ಒಡೀತಿರಲಿಲ್ಲ, ನಾನೂ ಎಷ್ಟೋ ಮಂದಿಗೆ ತಪ್ಪು ಹೇಳೀನಿ, "ಇನ್ನ ಸಂಸಾರ ಬಿಡು" ಅಂತ ಹೇಳೀನಿ, ಗೊತ್ತಿಲ್ದ.

ಇಷ್ಟು ಬದಲಾವಣಿ ಯಾರಿಂದ ಆತು ಅಂದ್ರ, ಕ್ಷಮಾ ಮಾಡ್ರಿ, ಪ್ರತಿಜ್ಞಾದಿಂದ ಆಗಲಿಲ್ಲ. ಮಾಜಿ ದೇವದಾಸಿ ಹೆಣಮಕ್ಕಳು ಸಂಘ ಕಟ್ಟಿ, ತಮ್ಮ ಓಣಿಯ ಪ್ರತಿ ಮನಿ ಬಾಗಿಲ ತಾವ ಬಡಿದು, ಟೆಸ್ಟಿಗೆ ಕರ್ಕೊಂಡು ಹೋಗಿ, ಪೊಲೀಸ್ರು ಬೆನ್ನು ಹತ್ತಿದ್ರ ಸ್ಟೇಶನ್ನಿಗೆ ಹತ್ತು ಮಂದಿ ಕೂಡಿ ಹೋಗಿ ಕುಂತು ಮಾಡಿದ ಕೆಲಸ ಅದು. ಮೈಸೂರಿನ್ಯಾಗ ಅಶೋದಯ ಸಮಿತಿ ಅಂತ ಲೈಂಗಿಕ ಕಾರ್ಯಕರ್ತೆಯರದ ಸಂಘ ಐತಿ, ಬ್ಯಾರೆ ದೇಶದವ್ರು ಬಂದು ಅವರ ಹತ್ರ ಕಲತು ಹೋಗ್ಯಾರ. ಬೆಂಗಳೂರಿನ ಸಂರಕ್ಷ, ಸಂಗಮದಂಥ ಸಂಸ್ಥೆಗಳು 90ರ ದಶಕದಾಗ, ಸರ್ಕಾರಿ ಸ್ಕೀಮು ಇನ್ನೂ ಗಟ್ಟಿಯಾಗಿ ಕಾಲೂರದ ಹೊತ್ತಿನ್ಯಾಗ ಶುರು ಮಾಡಿದ್ರು. ರೊಕ್ಕ ಬಂತು ಹೊರಗಿನಿಂದ, ಗೇಟ್ಸ್ ಫೌಂಡೇಶನ್ನಿಂದು 2003ರಿಂದ ಭಾಳ ಬಂತು, ಸರ್ಕಾರದ್ದೂ ಬಂತು. ಆದ್ರ ಬಾಗಿಲ ಬಡಿದ ಕೈ ಯಾರ್ದು ಅನ್ನೋದು ನೆನಪಿರ್ಲಿ.

ಮತ್ತ ನಿಮ್ಮ ಸಮಸ್ಯೆ ಶುರು ಆಗಿದ್ದ ಅಲ್ಲಿಂದ. ಸಾವು ಕಡಿಮಿ ಆತು, ಮಣ್ಣಿಗೆ ಹೋಗೋದು ಕಡಿಮಿ ಆತು, ಊರಾಗ ಕಣ್ಣಿಗೆ ಬೀಳೋ ಸೊರಗಿದ ಮಂದಿ ಇಲ್ಲಂಗಾತು, ಎಚ್‌ಐವಿ ಮುಗೀತು ಅಂತ ತಿಳಕೊಂಡ್ರಿ. ನಮ್ಮ ಊರಿನ ಮುಖಂಡ್ರೊಬ್ರು ಅಂಗಡಿಗೆ ಬಂದಾಗ ಕೇಳಿದ್ರು, "ಏನೋ ಅದು, ಇನ್ನೂ ಐತೇನೋ?" ಅಂತ. ಪೋಲಿಯೋ ಇನ್ನೂ ಐತೇನು ಅಂತ ಕೇಳ್ದಂಗ. ಐತಿ ರೀ. ಕರ್ನಾಟಕದಾಗ ಎರಡೂವರೆ ಲಕ್ಷಕ್ಕೂ ಜಾಸ್ತಿ ಮಂದಿ ಎಚ್‌ಐವಿ ಜೊತಿ ಬದುಕ್ಯಾರ, ಮಹಾರಾಷ್ಟ್ರ, ಆಂಧ್ರ ಬಿಟ್ರ ದೇಶದಾಗ ಮೂರನೇ ನಂಬರ್ ನಮ್ಮದು. ಒಂದೊಂದು ಕ್ಷೇತ್ರಕ್ಕ ಸರಾಸರಿ ತಗದ್ರ ಸಾವಿರದ ಮ್ಯಾಲ ಬರ್ತಾರ. ಸಾವಿರ ಓಟಿನ ಒಳಗ ಗೆದ್ದವ್ರು ನಿಮ್ಮೊಳಗೂ ಇರಬೇಕು, ಅವ್ರಿಗೆ ಈ ಲೆಕ್ಕ ಲಗೂನ ತಿಳೀತೈತಿ ಅನ್ಕೊಂಡೀನಿ.

ಕೇಂದ್ರದ ಲೆಕ್ಕ ಇನ್ನೊಂದು ಐತಿ, ಅದನ್ನ ನಿಧಾನ ಓದ್ರಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ 5ನೇ ಹಂತ 2021ರಿಂದ 2026ರ ಮಾರ್ಚ್ ತನಕ, ರೊಕ್ಕ 15,471 ಕೋಟಿ. ಗುರಿ ಏನಿತ್ತಂದ್ರ 2010ಕ್ಕ ಹೋಲಿಸಿ ಹೊಸ ಸೋಂಕೂ 80% ಇಳಿಸಬೇಕು, ಏಡ್ಸ್ ಸಾವೂ 80% ಇಳಿಸಬೇಕು. 2023ರ ಅಂದಾಜು ನೋಡಿದ್ರ ಸಾವು 79% ಇಳದೈತಿ, ಅಂದ್ರ ಗುಳಿಗಿ ಕೊಡೋ ಕೆಲಸ ಆಗೈತಿ, ಶಹಬ್ಬಾಸ್ ಅನ್ನಬೇಕು. ಹೊಸ ಸೋಂಕು ಇಳಿದದ್ದು 44% ಅಷ್ಟ. ಅರ್ಧ ದಾರ್ಯಾಗ ಗಾಡಿ ನಿಂತೈತಿ. ಅಂದ್ರ ಇದ್ದವ್ರನ್ನ ಉಳಿಸಿಕೊಳ್ಳಾಕ ಕಲತೀವಿ, ಹೊಸಬ್ರಿಗೆ ಬರದಂಗ ತಡೆಯಾಕ ಕಲತಿಲ್ಲ. ಇನ್ನ ಆ 95-95-95 ಅನ್ನೋ ಗುರಿ, ಅದೂ 2025ಕ್ಕ ಮುಟ್ಟಬೇಕಾಗಿತ್ತು. ಸೋಂಕಿದ್ದಾವ್ರೊಳಗ 95% ಮಂದಿಗೆ ತಮಗ ಐತಿ ಅಂತ ಗೊತ್ತಿರಬೇಕು, ಗೊತ್ತಿದ್ದವ್ರಾಗ 95% ಗುಳಿಗಿ ತಗೊಂತಿರಬೇಕು, ತಗೊಳ್ಳೋರಾಗ 95% ಮಂದಿಗೆ ವೈರಸ್ ಅಡಗಿರಬೇಕು. 2023-24ರ ದೇಶದ ಲೆಕ್ಕ 81, 88, 97. ಕಡೇದ್ರಾಗ ಫಸ್ಟ್ ಕ್ಲಾಸ್, ಮೊದಲನೇದ್ರಾಗ ಫೇಲ್. ನೂರರೊಳಗ 19 ಮಂದಿಗೆ ತಮಗ ಸೋಂಕು ಐತಿ ಅಂತನ ಗೊತ್ತಿಲ್ಲ. ಆ 19 ಮಂದಿ ಹುಡುಕೋ ಕೆಲಸ ದಿಲ್ಲಿಯಿಂದ ಆಗಂಗಿಲ್ಲ, ಬೆಂಗಳೂರಿನಿಂದನೂ ಆಗಂಗಿಲ್ಲ, ಅದು ಓಣಿ ಓಣಿ ಕೆಲಸ, ಅದನ್ನ ಮಾಡ್ತಿದ್ದವ್ರನ್ನ ಒಬ್ಬೊಬ್ರನ್ನಾಗಿ ಮನಿಗೆ ಕಳಿಸಿದ್ರಿ, ನಾನೂ ಅದರಾಗ ಒಬ್ಬ. ಇದ್ದವ್ರಿಗೆ ಪಗಾರ ಮೂರ್ಮೂರು ತಿಂಗಳು ತಡ. ನನಗ ಕೊನೆ ಪಗಾರ ಬಂದಿದ್ದು ಕೆಲಸ ಬಿಟ್ಟ ಐದು ತಿಂಗಳಿಗೆ, ಸಂಸ್ಥೆ ಹೆಸರು ಬ್ಯಾಡ ಬಿಡ್ರಿ, ಅವ್ರಿಗೂ ಮ್ಯಾಲಿಂದ ಬಂದಿರಲಿಲ್ಲ.

"ಇದು ಕೇಂದ್ರದ ಸ್ಕೀಮ್ ರೀ, ನಮ್ಮ ಕೈಯಾಗ ಏನೈತಿ" ಅಂತ ಅಂತೀರಿ, ಗೊತ್ತು. ಗುಳಿಗಿ ಖರೀದಿ ಕೇಂದ್ರದ್ದು, ಖರೆ. 2022ರಾಗ ಆ ಖರೀದಿ ತಡ ಆಗಿ ಸ್ಟಾಕ್ ಖಾಲಿ ಆದಾಗ ಎಚ್‌ಐವಿ ಇದ್ದವ್ರ ದಿಲ್ಲಿಯ ನ್ಯಾಕೋ (ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆ) ಆಫೀಸ್ ಮುಂದ ನಲವತ್ತು ದಿನ ಧರಣಿ ಕುಂತ್ರು, ಸುಪ್ರೀಂ ಕೋರ್ಟ್ ತನಕ ಹೋತು. ಆ ಟೈಮಿನ್ಯಾಗ ನನಗ ಪರಿಚಯ ಇದ್ದ ಒಬ್ಬಾಕಿಗೆ ತಿಂಗಳ ಗುಳಿಗಿ ಬದಲಿ ಹತ್ತು ದಿನದ್ದು ಕೊಟ್ಟು ಕಳಿಸ್ತಿದ್ರು. ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು ಹೋಗಬೇಕು, ಮಾಲಕ್ರು "ಏನವ್ವಾ ಭಾಳ ರಜಾ ತಗೋತಿ" ಅಂತ ಕೇಳ್ತಾರ, ಏನಂತ ಹೇಳ್ತಾಳ. ಆಕಿ ಕೊನಿಗೆ ಕೆಲಸ ಬಿಟ್ಲು, ಗುಳಿಗಿ ಬಿಡಲಿಲ್ಲ. ಎಲ್ಲಾರೂ ಹಂಗ ಮಾಡಂಗಿಲ್ಲ. ಆವಾಗ ನಮ್ಮ ರಾಜ್ಯದ ಎಷ್ಟು ಶಾಸಕರು ಎದ್ದು ನಿಂತು ಕೇಳಿದ್ರಿ? ಗೊಬ್ಬರ ಸ್ಟಾಕ್ ಇಲ್ಲಂದ್ರ ಕೇಂದ್ರಕ್ಕ ಪತ್ರ ಬರೀತೀರಿ, ಅದೂ ಕೇಂದ್ರದ್ದ. ಗುಳಿಗಿಗೆ ಬರಿಯಾಕ ಏನಡ್ಡಿ?

ಮತ್ತ ನಿಮ್ಮ ಕೈಯಾಗ ಏನಿಲ್ಲ ಅನ್ನೋದು ಸುಳ್ಳು. ಒಂದು ಉದಾಹರಣೆ ಕೊಡ್ತೀನಿ, ನಿಮಗ ಖುಷಿನೂ ಆಗ್ತೈತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಣಮಕ್ಕಳಿಗೆ ಬಸ್ ಪುಕ್ಕಟೆ. ಅದನ್ನ ಯಾರೂ ಎಚ್‌ಐವಿ ಕಾರ್ಯಕ್ರಮ ಅನ್ನಂಗಿಲ್ಲ, ಆದ್ರ ನನ್ನ ಲೆಕ್ಕದಾಗ ಹತ್ತು ವರ್ಷದಾಗ ನಮ್ಮ ಕಡೆ ಎಚ್‌ಐವಿ ಇರೋ ಹೆಣಮಕ್ಕಳಿಗೆ ಆದ ದೊಡ್ಡ ಉಪಕಾರ ಅದ. ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ನಾ ಕಣ್ಣಾರೆ ನೋಡ್ತೀನಿ. ಮೊದಲ ಗುಳಿಗಿ ತರಾಕ ಹೋಗಬೇಕಂದ್ರ ಅತ್ತಿ ಹತ್ರ ಬಸ್ ಚಾರ್ಜ್ ಕೇಳಬೇಕಿತ್ತು, ಎಲ್ಲಿಗೆ ಅಂದ್ರ ಏನೇನೋ ಸುಳ್ಳು ಹೇಳಬೇಕಿತ್ತು, ಈಗ ಆಧಾರ್ ಕಾರ್ಡ್ ತೋರ್ಸಿ ಸೀದಾ ಹೋಗಿ ಬರ್ತಾರ. ಇದು ರಾಜ್ಯ ಸರ್ಕಾರ ಮಾಡಿದ್ದು, ಗೊತ್ತಿಲ್ದ ಮಾಡಿದ್ದು. ಗೊತ್ತಿದ್ದು ಮಾಡಿದ್ರ ಇನ್ನೆಷ್ಟು ಮಾಡಬಹುದು. ಗಂಡಸ್ರಿಗೆ, ಅದ್ರಾಗೂ ಕೆಲಸ ಇಲ್ದ ಮನ್ಯಾಗ ಕುಂತ ವಯಸ್ಸಾದವ್ರಿಗೆ ಎಆರ್‌ಟಿ (ಎಚ್‌ಐವಿ ಗುಳಿಗಿ ಕೊಡೋ) ಸೆಂಟರಿಗೆ ಹೋಗಾಕ ಒಂದು ಪಾಸ್ ಕೊಡ್ರಿ. ಪಾಸ್ ಮ್ಯಾಲ ಮಾತ್ರ ದಯಮಾಡಿ ಬ್ಯಾನಿ ಹೆಸರು ಬರೀಬ್ಯಾಡ್ರಿ, ಬರೀಬಹುದು ನಮ್ಮವ್ರು, ಅದಕ್ಕ ಮೊದಲ ಹೇಳ್ತೀನಿ. ಧನಶ್ರೀ ಯೋಜನೆ ಐತಿ, ಮಹಿಳಾ ಅಭಿವೃದ್ಧಿ ನಿಗಮದ್ದು, ಸೋಂಕಿರೋ ಹೆಣಮಕ್ಕಳು ಸಣ್ಣ ವ್ಯಾಪಾರ ಮಾಡಲಿ ಅಂತ. ಅರ್ಜಿ ಹಾಕಾಕ ನನ್ನ ಅಂಗಡಿಗೆ ಬರ್ತಾರ. ಪಾಳಿಯಾಗ ನಿಂತವ್ರ ಮುಂದ "ಯಾವ ಯೋಜನೆಗೆ ಅವ್ವಾ" ಅಂತ ನಾ ಕೇಳಂಗಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಾ ಅಂತೀನಿ. ಬ್ಯಾರೆ ಅಂಗಡ್ಯಾವ ಕೇಳ್ತಾನ, ಅವನ ತಪ್ಪಲ್ಲ ಅದು.

ಗುಟ್ಟು ಅನ್ನೋದು ಈ ಬ್ಯಾನ್ಯಾಗ ಅರ್ಧ ಔಷಧ ಇದ್ದಂಗ. ಹೊರಗ ಬಿದ್ರ ಮಂದಿ ಗುಳಿಗಿ ತಗೊಳ್ಳಾಕ ಬರೋದ ಬಿಡ್ತಾರ. ಕಾನೂನು ಇದನ್ನ ಚಲೋ ತಿಳಕೊಂಡೈತಿ. ಒಪ್ಪಿಗಿ ಇಲ್ದ ಟೆಸ್ಟ್ ಮಾಡಬಾರ್ದು, ಮಾಡಿದ್ರ ಹೊರಗ ಹೇಳಬಾರ್ದು, ದವಾಖಾನ್ಯಾಗ, ಕೆಲಸದಾಗ, ಸಾಲ್ಯಾಗ, ಬಾಡಿಗಿ ಮನಿ ವಿಷಯದಾಗ ಭೇದ ಮಾಡಬಾರ್ದು. ಅಷ್ಟಾಗಿಯೂ ಭೇದ ಮಾಡಿದ್ರ ದೂರು ಕೇಳಾಕ ರಾಜ್ಯ ಸರ್ಕಾರ ಒಂಬುಡ್ಸ್‌ಮನ್ ನೇಮಿಸಬೇಕು, ಅವ್ರು 30 ದಿನದಾಗ ಆದೇಶ ಕೊಡಬೇಕು, ಜೀವಕ್ಕ ತ್ರಾಸಿರೋ ತುರ್ತು ಇದ್ರ ಆದಷ್ಟು ಲಗೂನ, ಸಾಧ್ಯ ಆದ್ರ 24 ತಾಸಿನ್ಯಾಗ. ಆದೇಶ ಕೇಳಲಿಲ್ಲಂದ್ರ 10,000 ತನಕ ದಂಡ, ಆಮ್ಯಾಲೂ ಕೇಳಲಿಲ್ಲಂದ್ರ ದಿನಕ್ಕ 5,000 ತನಕ. ಓದಾಕ ಎಷ್ಟು ಚಂದ ಐತಿ. ಈಗ ನನ್ನ ಪ್ರಶ್ನೆ: ನಿಮ್ಮ ಕ್ಷೇತ್ರದಾಗ ಒಂಬುಡ್ಸ್‌ಮನ್ ಹತ್ರ ಹೋಗೋದು ಹೆಂಗ, ಫೋನ್ ನಂಬರ್ ಏನು ಅಂತ ನಿಮಗ ಗೊತ್ತೈತೇನು? ನಿಮ್ಮ ತಾಲೂಕ ದವಾಖಾನಿ ಗ್ವಾಡಿ ಮ್ಯಾಲ ಬರದಾರೇನು? ಗ್ವಾಡಿ ಮ್ಯಾಲ ನಿಮ್ಮ ಫೋಟೋ ಇದ್ದ ಕ್ಯಾಲೆಂಡರ್ ಐತಿ, ಅದು ನನಗ ಗೊತ್ತು, ನಾನ ಪ್ರಿಂಟಿಗೆ ಕಳಿಸಿದ್ದು.

ಒಂದ ಘಟನಾ ಹೇಳ್ತೀನಿ, ಯಾವ ದವಾಖಾನಿ ಅಂತ ಬರಿಯಂಗಿಲ್ಲ. ನಾನು ಕೆಲಸದಾಗ ಇದ್ದಾಗ ಒಬ್ಬಾಕಿನ್ನ ಹೆರಿಗಿಗೆ ಕರ್ಕೊಂಡು ಹೋದ್ವಿ. ಕೇಸ್ ಶೀಟಿನ ಮ್ಯಾಲ ಕೆಂಪು ಪೆನ್ನಿಲೆ ಅಡ್ಡಡ್ಡ ಬರದು ಕಾಟಿಗೆ ಸಿಗಿಸಿದ್ರು, ಬಂದು ಹೋಗೋರೆಲ್ಲಾ ಓದ್ಕೊಂತ ಹೋದ್ರು, ಆಕಿ ಮಾವನೂ ಓದಿದ. ಕೂಸು ಚಲೋ ಹುಟ್ತು, ನೆಗೆಟಿವ್. ತಾಯಿಗೆ ಟೈಮಿಗೆ ಸರಿ ಔಷಧ ಕೊಟ್ರ ನೂರಕ್ಕ 95ಕ್ಕೂ ಹೆಚ್ಚು ಕೂಸು ನೆಗೆಟಿವ್ ಆಗ್ತಾವ, ಏನೂ ಮಾಡಲಿಲ್ಲಂದ್ರ 15ರಿಂದ 45 ಕೂಸಿಗೆ ತಗಲ್ತೈತಿ. ವೈದ್ಯಕೀಯ ಗೆದ್ದಿತ್ತು ಅವತ್ತು. ಆದ್ರ ಆಕಿ ಬಾಣಂತನಕ್ಕ ಗಂಡನ ಮನಿಗೆ ವಾಪಸ್ ಹೋಗಲಿಲ್ಲ, ಒಂದು ಕೆಂಪು ಪೆನ್ನಿನಿಂದ. ಆಗ ಈ ಕಾನೂನು ಇರಲಿಲ್ಲ. ಈಗ ಐತಿ, ಕೆಂಪು ಪೆನ್ನು ಹೋಗೈತೇನು ಅಂತ ನಿಮ್ಮ ದವಾಖಾನ್ಯಾಗ ಒಮ್ಮೆ ಹೇಳ್ದ ಕೇಳ್ದ ಹೋಗಿ ನೋಡ್ರಿ.

ಕಾನೂನಿನ್ಯಾಗ ಒಂದು ಸಣ್ಣ ಶಬ್ದನೂ ಐತಿ, ಸರ್ಕಾರ ಔಷಧ, ಚಿಕಿತ್ಸೆ "ಸಾಧ್ಯವಾದಷ್ಟು" ಕೊಡಬೇಕು ಅಂತ. ಬಿಲ್ ಬಂದಾಗಲೇ ಸೋಂಕಿದ್ದ ಮಂದಿ ಈ ಶಬ್ದ ತಗೀರಿ ಅಂತ ಹೊಡದಾಡಿದ್ರು, ತಗೀಲಿಲ್ಲ. ಮದ್ವಿ ಮನ್ಯಾಗ "ಊಟ ಸಾಧ್ಯವಾದಷ್ಟು ಹಾಕ್ತೀವಿ" ಅಂತ ಕಾರ್ಡಿನ್ಯಾಗ ಬರದ್ರ ಹೆಂಗ ಕಾಣ್ತೈತಿ ಹೇಳ್ರಿ.

ಮದ್ವಿ ಅಂದ ಕೂಡ್ಲೆ ನೆನಪಾತು. ನಾನು ಲಿಂಕ್ ವರ್ಕರ್ ಇದ್ದಾಗ ಸಣ್ಣ ಹುಡುಗ್ರಿದ್ರಲ್ಲ, ಹುಟ್ಟತನ ತಾಯಿಯಿಂದ ಸೋಂಕು ಬಂದವ್ರು, ಹತ್ತು ವರ್ಷ ಬದುಕೋದೂ ಕಷ್ಟ ಅಂತ ಅವರ ಮುಂದನ ಮಂದಿ ಮಾತಾಡ್ತಿದ್ರು, ಆ ಹುಡುಗ್ರು ಈಗ ದೊಡ್ಡವ್ರಾಗ್ಯಾರ. ಡಿಗ್ರಿ ಮುಗಿಸ್ಯಾರ, ಗಾಡಿ ಹೊಡೀತಾರ, ಒಬ್ಬಾಕಿ ಬೆಂಗಳೂರಿನ್ಯಾಗ ಗಾರ್ಮೆಂಟ್ಸಿನ್ಯಾಗ ಅದಾಳ. ಅವರ ಪ್ರಶ್ನೆಗಳು ನಮ್ಮ ಯಾವ ಪೋಸ್ಟರಿನ್ಯಾಗೂ ಇಲ್ಲ. ಹುಡುಗಿ ನೋಡಾಕ ಹೋದ್ರ ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು, ಕಂಪ್ನಿ ಮೆಡಿಕಲ್ ಟೆಸ್ಟಿನ್ಯಾಗ ಕೇಳಿದ್ರ ಏನು ಮಾಡಬೇಕು, ಹುಟ್ಟಿದಾಗಿಂದ ಗುಳಿಗಿ ನುಂಗಿ ಬ್ಯಾಸರ ಬಂದೈತಿ ಎರಡು ತಿಂಗಳು ಬಿಟ್ರ ಏನಾಗ್ತೈತಿ. ಆ ಕೊನೇ ಪ್ರಶ್ನೆ ಕೇಳಿದ ಹುಡುಗ ನಿಜವಾಗಿಯೂ ಬಿಟ್ಟಿದ್ದ. ರಾತ್ರಿ ಹನ್ನೊಂದಕ್ಕ ಫೋನ್ ಮಾಡಿ ಒಂದು ತಾಸು ಕ್ರಿಕೆಟ್ ಮಾತಾಡಿ ಕೊನಿಗೆ ಹೇಳ್ದ. 1097 ಅಂತ ಸರ್ಕಾರದ ಹೆಲ್ಪ್‌ಲೈನ್ ಐತಿ, ಪುಕ್ಕಟೆ, ಚಲೋ ಐತಿ, ಆದ್ರ ಅವ್ನಿಗೆ ಗುರುತಿನ ದನಿ ಬೇಕಾಗಿತ್ತು. ಈಗ ನನ್ನ ಜಾಗದಾಗ ಆ ಹಳ್ಳಿಗೆ ಹೋಗೋರು ಯಾರೂ ಇಲ್ಲ. ಆ ಹುಡುಗ್ರು ಯಾರಿಗೆ ಫೋನ್ ಮಾಡ್ತಾರ ಹಂಗಾದ್ರ?

ಇಂಥ ಹೊತ್ತಿನ್ಯಾಗ 2025ರಾಗ ಮೇಘಾಲಯದ ಆರೋಗ್ಯ ಮಂತ್ರಿಗಳು ಮದ್ವಿ ಮುಂಚೆ ಎಚ್‌ಐವಿ ಟೆಸ್ಟ್ ಕಡ್ಡಾಯ ಮಾಡೋ ಕಾನೂನು ತರೋ ವಿಚಾರ ಐತಿ ಅಂದ್ರು. ನಮ್ಮಲ್ಲೂ ಯಾರರ ಒಬ್ರು ಅಧಿವೇಶನದಾಗ ಎದ್ದು ಇದನ್ನ ಕೇಳ್ತಾರ ಅಂತ ನನಗ ಅನುಮಾನ. ಬ್ಯಾಡ್ರಿ. ಕೇಳಾಕ ಕಡಕ್ ಅನಸ್ತೈತಿ, ಚಪ್ಪಾಳಿನೂ ಬೀಳ್ತಾವ. ಆದ್ರ ಕಡ್ಡಾಯ ಅಂದ ದಿನದಿಂದ ಮಂದಿ ಸುಳ್ಳು ಸರ್ಟಿಫಿಕೇಟ್ ಮಾಡಿಸ್ತಾರ (ಯಾವ ಅಂಗಡ್ಯಾಗ ಅಂತ ನನ್ನ ಕೇಳಬ್ಯಾಡ್ರಿ), ಮದ್ವಿ ದಿನ ನೆಗೆಟಿವ್ ಇದ್ದಾವ ಮದ್ವಿ ಆದ ಮ್ಯಾಲ ಗೋವಾಕ್ಕ ಹೋಗಂಗಿಲ್ಲೇನು? ಒಪ್ಪಿಗಿ ಬೇಕು ಅಂತ ಪಾರ್ಲಿಮೆಂಟ್ ಕಾನೂನ ಹೇಳೈತಿ.

ತಡೆಯಾಕ ಹೊಸ ದಾರಿ ಬಂದಾವ, ಅದರ ಬಗ್ಗೆ ಎದ್ದು ನಿಂತು ಕೇಳ್ರಿ. ಸೋಂಕಿಲ್ದಾವ್ರು, ಆದ್ರ ತಗಲೋ ಸಂಭವ ಇರಾವ್ರು ಮುಂಚೆನ ಗುಳಿಗಿ ತಗೊಂಡು ಸೋಂಕು ಬರದಂಗ ತಡ್ಕೊಳ್ಳೋದು, ಪ್ರೆಪ್ ಅಂತಾರ. ದೇಶದಾಗ ಲೈಂಗಿಕ ಕಾರ್ಯಕರ್ತೆಯರೊಳಗ ಇದನ್ನ ಪ್ರಯೋಗ ಮಾಡಿ ತೋರಿಸಿದ ಎರಡು ಜಾಗದಾಗ ಒಂದು ಕೋಲ್ಕತ್ತಾದ ಸೋನಾಗಾಚಿ, ಇನ್ನೊಂದು ನಮ್ಮ ಮೈಸೂರಿನ ಅಶೋದಯ. ಹೆಣಮಕ್ಕಳು ಚಾಚೂ ತಪ್ಪದ ತಗೊಂಡ್ರು. 2022ಕ್ಕ ಕೇಂದ್ರದ ಮಾರ್ಗಸೂಚಿನೂ ಬಂತು. ಬಂದು ಏನಾತು, ನಮ್ಮ ತಾಲೂಕ ದವಾಖಾನ್ಯಾಗ ಪ್ರೆಪ್ ಅಂದ್ರ ಟೂತ್‌ಪೇಸ್ಟೇನು ಅಂತ ಕೇಳ್ತಾರ. ಇನ್ನ ವರ್ಷಕ್ಕ ಎರಡ ಸಲ ಇಂಜೆಕ್ಷನ್, ಲೆನಕಾಪಾವಿರ್ ಅಂತ, ಆಫ್ರಿಕಾದಾಗ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಕೊಟ್ಟು ನೋಡಿದ್ರ ಒಬ್ರಿಗೂ ಸೋಂಕು ತಗಲಲಿಲ್ಲ ಅಂತ 2024ರಾಗ ಸುದ್ದಿ ಬಂತು. ಅದನ್ನ ಕಡಿಮಿ ರೇಟಿಗೆ, ವರ್ಷಕ್ಕ 40 ಡಾಲರಿಗೆ, 2027ರಿಂದ ಬಡದೇಶಗಳಿಗೆ ಮಾಡಿಕೊಡೋ ಕಂಪ್ನಿಗಳು ಎಲ್ಲಿವು ಗೊತ್ತೇನು, ನಮ್ಮ ಪಕ್ಕದ ಹೈದರಾಬಾದಿನವು. ಕಲಬುರಗಿಯಿಂದ ಬಸ್ಸಿನ ಹಾದಿ. ಕೀನ್ಯಾದ ಹುಡುಗಿಗೆ ಸಿಕ್ಕು ಜಮಖಂಡಿ ಹುಡುಗಿಗೆ ಸಿಗಲಿಲ್ಲಂದ್ರ ಅದು ರಾಜಕೀಯ ಅಲ್ದ ಮತ್ತೇನು.

ಈಗ ನಾನು ಕೇಳೋದು. ಭಾಳ ದೊಡ್ಡದು ಕೇಳಂಗಿಲ್ಲ. ಮೂರು ತಿಂಗಳಿಗೊಮ್ಮೆ ಜಿಲ್ಲಾ ಉಸ್ತುವಾರಿ ಮಂತ್ರಿಗಳು ಕೆಡಿಪಿ ಸಭೆ ಮಾಡ್ತೀರಿ, ತಾಲೂಕಿನ್ಯಾಗ ಶಾಸಕರು ಮಾಡ್ತೀರಿ. ಆರೋಗ್ಯ ಇಲಾಖೆ ಪಾಳಿ ಬಂದಾಗ ಡೆಂಗಿ ಕೇಳ್ತೀರಿ, ಡಾಕ್ಟರ್ ಖಾಲಿ ಹುದ್ದೆ ಕೇಳ್ತೀರಿ, ಆಂಬುಲೆನ್ಸ್ ಕೇಳ್ತೀರಿ. ಅದರ ಕೆಳಗ ಒಂದ ಸಾಲು ಸೇರಿಸ್ರಿ. ಈ ಮೂರು ತಿಂಗಳಾಗ ಎಷ್ಟು ಮಂದಿ ಟೆಸ್ಟ್, ಎಷ್ಟು ಹೊಸ ಪಾಸಿಟಿವ್, ಅವರಾಗ ಎಷ್ಟು ಮಂದಿ ಗುಳಿಗಿ ಶುರು ಮಾಡಿದ್ರು, ಎಷ್ಟು ಮಂದಿ ಬಿಟ್ರು, ಗುಳಿಗಿ ಸ್ಟಾಕ್ ಎಷ್ಟು ದಿನಕ್ಕ ಐತಿ, ವೈರಲ್ ಲೋಡ್ (ರಕ್ತದಾಗ ವೈರಸ್ ಎಷ್ಟೈತಿ ಅನ್ನೋ) ರಿಪೋರ್ಟ್ ಬರಾಕ ಎಷ್ಟು ದಿನ, ಫೀಲ್ಡ್ ಮಂದಿಗೆ ಪಗಾರ ಆಗೈತೋ ಇಲ್ಲೋ. ಹೆಸರು ಬ್ಯಾಡ, ಊರು ಬ್ಯಾಡ, ನಂಬರ್ ಸಾಕು. ಈ ಲೆಕ್ಕ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದವ್ರ ಹತ್ರ ಇರಬೇಕಾದ್ದ, ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಯಾರೂ ಕೇಳೋರಿಲ್ಲಂದ್ರ ಲೆಕ್ಕ ಲೆಕ್ಕವಾಗೇ ಉಳೀತೈತಿ. ಮಂತ್ರಿ ಕೇಳ್ತಾರ ಅಂದ್ರ ಹಿಂದಿನ ರಾತ್ರಿನ ಫೋನ್ ಓಡಾಡ್ತಾವ, ತಿಂಗಳಿಂದ ಸಿಗದ ಕಿಟ್ ಎಲ್ಲಿಂದರ ಬಂದ ಬರ್ತಾವ, ಸರ್ಕಾರಿ ಕೆಲಸ ನಡೆಯೋದ ಹಂಗ, ನಿಮಗ ನಾನು ಹೇಳಬೇಕಾಗಿಲ್ಲ.

ಮೊದಲ ಈ ಕೆಲಸ ಜಿಲ್ಲಾ ಪಂಚಾಯ್ತಿ ಸದಸ್ಯರಾದ್ರೂ ಮಾಡ್ತಿದ್ರು. ಒಬ್ಬಾಕಿ ಸದಸ್ಯೆ ನನಗ ನೆನಪದಾಳ, ಸಭಾದಾಗ ಎದ್ದು "ನನ್ನ ಕ್ಷೇತ್ರದಾಗ ಟೆಸ್ಟ್ ಕಿಟ್ ಇಲ್ಲ" ಅಂತ ಕೂಗ್ಯಾಡಿ ಮರುವಾರ ತರಿಸಿದ್ದಳು. ಆಮ್ಯಾಲ ಆಕಿ ಸಂಬಂಧಿಕ್ರಿಗೇ ಬ್ಯಾನಿ ಐತಿ ಅಂತ ಊರಾಗ ಗುಸುಗುಸು ಹಬ್ಬಿಸಿದ್ರು, ಅದು ಬ್ಯಾರೆ ಕತಿ. ಈಗ 2021ರಾಗ ಅವಧಿ ಮುಗದ ಮ್ಯಾಲ ಜಿಲ್ಲಾ ಪಂಚಾಯ್ತಿ, ತಾಲೂಕ ಪಂಚಾಯ್ತಿಗೆ ಎಲೆಕ್ಷನ್ನ ಆಗಿಲ್ಲ. ಕೂಗ್ಯಾಡೋರ ಇಲ್ಲ. ಅದಕ್ಕ ನಿಮಗ ಕೇಳ್ತಿರೋದು, ಬ್ಯಾರೆ ಯಾರಿಗೆ ಕೇಳಬೇಕು.

ಇನ್ನೊಂದು, ಕೇಂದ್ರದ 5ನೇ ಹಂತದ ಅವಧಿ ಇಟ್ಟಿದ್ದು 2026ರ ಮಾರ್ಚ್ 31ರ ತನಕ ಅಷ್ಟ. ಮುಂದ ಏನು, ನಮ್ಮ ರಾಜ್ಯಕ್ಕ ಎಷ್ಟು, ಹಳ್ಳಿಗೆ ಹೋಗೋ ಮಂದಿ ಉಳೀತಾರೋ ಇಲ್ಲೋ ಅಂತ ಈ ಅಧಿವೇಶನದಾಗ ಒಂದು ಚುಕ್ಕಿ ಗುರುತಿನ ಪ್ರಶ್ನೆ (ಮಂತ್ರಿ ಸದನದಾಗ ಬಾಯಿಂದ ಉತ್ತರ ಕೊಡಬೇಕಾದ್ದು) ಹಾಕ್ರಿ. ಕೇಂದ್ರ ಕೈ ಬಿಟ್ಟ ಜಾಗದಾಗ ರಾಜ್ಯ ತನ್ನ ಬಜೆಟ್ಟಿನಿಂದ ಎಷ್ಟು ಇಡ್ತೈತಿ, ಒಂದು ನಂಬರ್ ಹೇಳ್ರಿ. ಅಬುಜಾದವ್ರು ಹೇಳಿದಂಗ ನಂಬರ್. ತಪ್ಪಿದ್ರೂ ಪರವಾಗಿಲ್ಲ, ತಪ್ಪಿದ್ದು ಎಷ್ಟು ಅಂತರ ಗೊತ್ತಾಗ್ತೈತಿ.

ಈ ಸಲ ಪ್ರತಿಜ್ಞಾ ಪತ್ರ ನಾನ ಹೊಸದಾಗಿ ಟೈಪ್ ಮಾಡೀನಿ, ಯಾರೂ ಕೇಳದಿದ್ರೂ. ಮ್ಯಾಲ ಹಳೇ ಒಕ್ಕಣಿನ ಐತಿ, ಬದಲಿ ಮಾಡಿಲ್ಲ. ಕೆಳಗ ಮೂರು ಖಾಲಿ ಗೆರಿ ಹಾಕೀನಿ: ಕ್ಷೇತ್ರ, ಮುಂದಿನ ಕೆಡಿಪಿ ಸಭೆಯ ತಾರೀಖು, ಸಹಿ. ತುಂಬಿ ಕಳಸ್ರಿ ಸಾಹೇಬ್ರ. ಸಭೆ ನಡಾವಳಿಯೊಳಗ ಎಚ್‌ಐವಿ ಅನ್ನೋ ಸಾಲು ಬಂದ್ರ ಆ ಪುಟ ಒಂದ ಕಳಸ್ರಿ ಸಾಕು, ಎಷ್ಟು ಕಾಪಿ ಬೇಕಂದ್ರೂ ತಗದು ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ನಾನ ಹಂಚ್ತೀನಿ, ಜೆರಾಕ್ಸ್ ರೊಕ್ಕ ಬ್ಯಾಡ.

ಇಂತಿ ನಿಮ್ಮ ಮತದಾರ,
ಬಾಗಲಕೋಟ ಜಿಲ್ಲಾದ ಒಬ್ಬ ಮಾಜಿ ಲಿಂಕ್ ವರ್ಕರ್